ಭಜಿ ಎಣ್ಣೆಯ ಗೊಟ್ಟ

ಮೀನಿಗೂ ಕರುಳಿದೆ. ಇಷ್ಟು ತಿಳಿಯದೆ ಮೀನು ಸಾಕುವವರಿದ್ದಾರೆ, ತಿಳಿದೂ ಆ ಕರುಳಿಗೆ ಹೊಲಸು ಮಾರುವವರಿದ್ದಾರೆ. ಸಂಶಿಯ ಸಾವಿತ್ರೆವ್ವ ಮೊದಲಿನವಳು. ಬಸ್‌ಸ್ಟ್ಯಾಂಡಿನ ಬಾಜು ದನದ ಮೇವು, ಹಿಂಡಿ ಮಾರುವ ಈರೇಶ ಎರಡನೆಯವನು.

ಮೆಣಸಿನಕಾಯಿ ಹೊಲಕ್ಕೆ ನೀರು ಬೇಕೆಂದು ಗಂಡ ಮಡಿವಾಳೆಪ್ಪ ಹೊಂಡ ತೆಗೆಸಿದ. ನೀರು ಸುಮ್ಮನೆ ನಿಂತದ್ದು ನೋಡಲಾರದೆ ಸಾವಿತ್ರೆವ್ವ ಕಾಟ್ಲಾ ಮೀನಿನ ಮರಿ ತಂದು ಬಿಟ್ಟಳು. ಲಿಂಗವಂತರ ಮನೆ. ಮೀನು ಹೊಸ್ತಿಲು ದಾಟುವುದಿರಲಿ, ಅದರ ಹೆಸರನ್ನೂ ಮನೆಯೊಳಗೆ ಎತ್ತುವಂತಿರಲಿಲ್ಲ. ‘ಹೊಂಡದ ಬೆಳೆ’ ಅನ್ನುತ್ತಿದ್ದರು. ಗುಡಗೇರಿಯ ಮಲಿಕಾಬಿ ಆಳು ತಂದು, ಬಲೆ ಎಳೆಸಿ, ಸಂತೆಗೆ ಒಯ್ಯುತ್ತಿದ್ದಳು. ಸಾವಿತ್ರೆವ್ವ ದಂಡೆಯ ಮೇಲೆ ನಿಂತು ಬೆನ್ನು ಎಷ್ಟು ದಪ್ಪವಿದೆ ಎಂದಷ್ಟೇ ನೋಡುವಳು. ಎತ್ತನ್ನು ನೋಡುವಂತೆ, ಹೊರಗಿನಿಂದ.

ಈರೇಶ ಹಿಡಿದದ್ದು ಆ ಕಣ್ಣನ್ನೇ.

"ಅಕ್ಕಾರ, ಬೇಸಾಯಕ್ಕ ಮೊದ್ಲ ಎತ್ತಿಗೆ ಗೊಟ್ಟದಾಗ ಎಣ್ಣಿ ಹಾಕ್ತೀರಿ ಹೌದಿಲ್ರಿ? ಮೀನು ಏನ್ ಪಾಪ ಮಾಡ್ಯಾವ್ರಿ? ತೌಡಿನಾಗ ಈ ಶಕ್ತಿ ಎಣ್ಣಿ ಕಲಸಿ ಹಾಕಿ ನೋಡ್ರಿ, ಅಗದಿ ಹೋರಿ ಆಗ್ತಾವ!"

ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿ ಎತ್ತಿನ ಗಂಟಲಿಗೆ ಇಳಿಸುವುದನ್ನು ಹುಟ್ಟಿನಿಂದ ಕಂಡವಳಿಗೆ ಈ ಮಾತು ತಪ್ಪೆನಿಸಲಿಲ್ಲ. ಕರ್ರಗಿನ ಎಣ್ಣೆಯ ಡಬ್ಬಿ ಹೊತ್ತು ಬಂದಳು. ಮೀನುಗಳು ಉಬ್ಬಿದವು. ಆಕೆ ಹಿಗ್ಗಿದಳು. ನೀರಿನ ಮೇಲೆ ಜಿಡ್ಡಿನ ಪೊರೆ, ಬಿಳಿ ದಾರದಂಥ ಹಿಕ್ಕೆ ತೇಲತೊಡಗಿದಾಗ ನೊರೆ ಅಂದುಕೊಂಡಳು.

ನೊರೆಯಲ್ಲ ಅದು. ಕರುಳು ಅರಗಿಸಿಕೊಳ್ಳಲಾಗದೆ ಹೊರಗೆ ತಳ್ಳಿದ ಕೊಬ್ಬು.

ಒಂದು ಸಂತೆಯ ದಿನ ಬಿಸಿಲೇರುವ ಹೊತ್ತಿಗೆ ಮಲಿಕಾಬಿ ಖಾಲಿ ಬುಟ್ಟಿ ಹಿಡಿದು ಹೊಂಡಕ್ಕೆ ಬಂದಳು. ಬಂದವಳೇ ಬುಟ್ಟಿ ಕುಕ್ಕಿದಳು.

"ಯವ್ವಾ, ಸಂತ್ಯಾಗ ನನ್ನ ಮಾರಿಗೆ ಮೀನ ಒಗದ್ರು ಬೇ! ‘ಇದು ಮೀನೋ ಮಿರ್ಚಿ ಭಜಿಯೋ’ ಅಂತ ನಗತಾರ. ಇಷ್ಟ್ ವರ್ಷ ಗಳಿಸಿದ್ದ ಗಿರಾಕಿ ಎಲ್ಲಾ ಬಾಜೂದಾಕಿ ಕಡೆ ಹೋದ್ರು. ಇನ್ನ ನಿನ್ನ ಹೊಂಡದ್ದು ನನಗ ಬ್ಯಾಡ."

ಮಲಿಕಾಬಿ ಒಲ್ಲೆನೆಂದರೆ ಹೊಂಡಕ್ಕೆ ಬೇರೆ ಯಾರೂ ಬರುವವರಿರಲಿಲ್ಲ. ಆಗಲೇ ಅಂಚಿಗೆ ಸತ್ತ ಮೀನು ಬಂದು ಬೀಳುತ್ತಿದ್ದವು. ಸಾವಿತ್ರೆವ್ವ ನೆಟ್ಟಗೆ ಈರೇಶನ ಅಂಗಡಿಗೆ ಹೋದಳು. ಗಿರಾಕಿಗಳು ತುಂಬಿದ್ದರು.

"ನಿಮ್ಮ ನೀರ ಕೆಟ್ಟೈತ್ರಿ," ಅಂದ ಅವನು, ತಕ್ಕಡಿಯಿಂದ ತಲೆ ಎತ್ತದೆ. "ಮೀನ ಮುಟ್ಟದವರು ಮೀನ ಸಾಕಿದ್ರ ಹಿಂಗ. ಒಳಗ ಏನೈತಿ ಅಂತ ಒಮ್ಮೆರ ನೋಡೀರೇನು? ಹೋಗ್ರಿ, ವಿಭೂತಿ ಹಚಿಗೊಂಡು ಸುಮ್ನ ಕುಂಡ್ರಿ."

ಗಿರಾಕಿಗಳು ನಕ್ಕರು. ಆ ನಗು ಅವಳ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತು. ಯಾಕೆಂದರೆ ಅವನು ಹೇಳಿದ್ದರಲ್ಲಿ ಒಂದು ಮಾತು ಖರೆ ಇತ್ತು: ಅವಳು ಒಳಗೆ ನೋಡಿರಲಿಲ್ಲ.

ನೋಡೇಬಿಡುತ್ತೇನೆ ಅಂದುಕೊಂಡಳು.

ಎಮ್ಮೆಗಳಿಗೆ ನೀರು ಕುಡಿಸುವ ಬಾನಿಯಲ್ಲಿ ಹೆಚ್ಚಾದ ಒಂದಿಷ್ಟು ಮರಿ ಬಿಟ್ಟಿದ್ದಳು. ಅವಕ್ಕೆ ಬರೀ ತೌಡು, ಶೇಂಗಾಹಿಂಡಿ. ಅದರಿಂದೊಂದು, ಹೊಂಡದಿಂದೊಂದು ಹಿಡಿದು ಮಲಿಕಾಬಿಯ ಮುಂದಿಟ್ಟಳು. "ಕೊಯ್ಯೂದು ಕಲಿಸು."

"ಮಡಿವಾಳೆಪ್ಪಗ ಗೊತ್ತಾದ್ರ ಹೊಸ್ತಿಲಾ ದಾಟಸ್ತಾನೇನ ನಿನ್ನ?"

"ಹೊರಗ ಮಲಗ್ತೀನಿ. ಕೊಯ್ಯಿ."

ಬಾನಿಯ ಮೀನು ಬಡಕಲು. ಆದರೆ ಕರುಳು ಗಟ್ಟಿಯಾಗಿ, ಪಿತ್ತಜನಕಾಂಗ ಕೆಂಪಗೆ ಮಿರುಗುತ್ತಿತ್ತು. ಹೊಂಡದ ಮೀನಿನ ಹೊಟ್ಟೆ ಸೀಳಿದ್ದೇ ತಡ, ಹಳದಿ ಕೊಬ್ಬು ಹೊರಗೆ ಸುರಿಯಿತು. ಪಿತ್ತಜನಕಾಂಗ ಸುಣ್ಣದ ಹೆಂಟೆ. ಕರುಳು ಕೆಂಪೇರಿ, ಬೆರಳು ತಾಗಿದರೆ ಹರಿಯುವಂತಿತ್ತು. ಉಬ್ಬಿದ್ದು ಮೀನಲ್ಲ, ರೋಗ. ಮಲಿಕಾಬಿ ಎಣ್ಣೆ ಡಬ್ಬಿಯ ತಳ ಕೆದರಿದಳು. ಕರಕಲಾದ ಕಡಲೆಹಿಟ್ಟು, ಮೆಣಸಿನ ಬೀಜ. ಭಜಿ ಕರಿದು ಕರಿದು ಸತ್ತ ಎಣ್ಣೆ!

ಸಾವಿತ್ರೆವ್ವ ಅಳಲಿಲ್ಲ. ಸಂಶಿಯ ಸಂತೆಯ ದಿನ, ಅಂಗಡಿಯ ಮುಂದೆ ಮಂದಿ ಮುರಿದುಕೊಂಡು ಬಿದ್ದಾಗ, ಈರೇಶನದೇ ಖಾಲಿ ಚೀಲ ಹಾಸಿ ಕೂತಳು. ಮೆಟ್ಟಿಲ ಮೇಲೆಯೇ ಈಳಿಗೆ ಇಟ್ಟು ಎರಡೂ ಬಗೆಯ ಮೀನು ಸೀಳಿ ಪಕ್ಕ ಪಕ್ಕ ಇಟ್ಟಳು.

ಈರೇಶ ಬಿಳಿಚಿಕೊಂಡು ಹೊರಬಂದ. "ಅಕ್ಕಾರ! ಕೊರಳಾಗ ಲಿಂಗಾ ಕಟಿಗೊಂಡು ಇದೇನ್ರಿ ಹೊಲಸು?"

"ನಿನ್ನ ಕೊರಳಾಗೂ ಐತಲ್ಲೋ. ಅದನ್ನ ಕಟಿಗೊಂಡ ಈ ಎಣ್ಣಿ ಮಾರಿದಿ." ಕೈ ಒರೆಸಿಕೊಂಡು, ಸೆರಗಿನಡಿಯಿಂದ ಎತ್ತಿನ ಗೊಟ್ಟ ತೆಗೆದಳು. ಅಂಚಿನ ತನಕ ಕರಿ ಎಣ್ಣೆ. "ಶಕ್ತಿ ಬರ್ತೈತಂದ್ಯಲ್ಲ? ತೆಗಿ ಬಾಯಿ."

ಯಾರೋ ನಕ್ಕರು. ಈ ಸಲ ನಗು ಈರೇಶನ ಮೇಲಿತ್ತು. ಸುದ್ದಿ ಕೇಳಿ ಓಡಿಬಂದಿದ್ದ ಮಡಿವಾಳೆಪ್ಪ ಹೆಂಡತಿಯ ರಕ್ತದ ಕೈ ನೋಡಿದ, ಚೀಲದ ಮೇಲಿನ ಕರುಳು ನೋಡಿದ. ಆಮೇಲೆ, ಗೊಟ್ಟ ಹಾಕುವಾಗ ಎತ್ತಿನ ದವಡೆ ಹಿಡಿಯುವವನು ನಿಲ್ಲುವ ಕಡೆ, ಈರೇಶನ ಎಡಕ್ಕೆ ಹೋಗಿ ನಿಂತ.

"ಕುಡೀಲೇ ಈರ್‍ಯಾ," ಭಜಿ ಗಾಡಿಯ ಹನಮಪ್ಪ ಕೂಗಿದ. "ನನ್ನ ಕಡಾಯೀದ ಎಣ್ಣಿ ಐತಿ. ಸಾಬೂನ ಮಾಡಾಕ ಅಂತ ಹೇಳಿ ಒಯ್ತಿದ್ಯಲ್ಲ!"

ಈರೇಶ ತುಟಿ ಬಿಗಿದುಕೊಂಡ. ಅಲ್ಲಿಗೆ ತೀರ್ಪಾಯಿತು. ಸಾವಿತ್ರೆವ್ವ ಗೊಟ್ಟದ ಎಣ್ಣೆಯನ್ನು ಅವನ ಇಸ್ತ್ರಿ ಅಂಗಿಯ ಮೇಲೆ, ಕೊರಳಿಂದ ನಡುವಿನ ತನಕ, ನಿಧಾನವಾಗಿ ಬಗ್ಗಿಸಿದಳು. ಅವಸರ ಮಾಡಲಿಲ್ಲ.

ಅಂಗಡಿಗೆ ಬೀಗ ಬಿತ್ತು. ಹೊಂಡದ ಮೀನು ಮಾತ್ರ ಉಳಿಯಲಿಲ್ಲ. ಗುಂಡಿ ತೋಡಿ ಹುಗಿದಳು. ಬಾನಿಯ ಬಡಕಲು ಮೀನುಗಳನ್ನೇ ಹೊಂಡಕ್ಕೆ ಬಿಟ್ಟು, ಮತ್ತೆ ತೌಡು ಹಾಕುತ್ತಿದ್ದಾಳೆ. ಪ್ರತಿ ಬಲೆಗೆ ಮೊದಲು ಒಂದನ್ನು ದಂಡೆಯ ಮೇಲೆ ತಾನೇ ಸೀಳಿ ನೋಡುತ್ತಾಳೆ. ಮಲಿಕಾಬಿ ಒಯ್ಯುತ್ತಾಳೆ. ಈರೇಶ ಈಗ ಮಿಶ್ರಿಕೋಟಿಯ ಕಡೆ ಅದೇ ಡಬ್ಬಿ ಮಾರುತ್ತಾನಂತೆ, ಹೆಸರು ಬೇರೆ.

ಸಂತೆಯಲ್ಲಿ ದಪ್ಪ ಮೀನು ಕಂಡು ಜೊಲ್ಲು ಸುರಿಸುವವರೇ, ನಿಮ್ಮ ಕಣ್ಣೆದುರೇ ಹೊಟ್ಟೆ ಸೀಳಿಸಿ. ಒಳಗೆ ಹಳದಿ ಸುರಿದರೆ ಮೀನು ಮಾರುವವಳ ಮುಖಕ್ಕೆ ಎಸೆಯಬೇಡಿ. ಅದಕ್ಕೆ ಎಣ್ಣೆ ಕೊಟ್ಟವನ ಹೆಸರು ಕೇಳಿ, ಅವನ ಅಂಗಡಿಗೆ ಹೋಗಿ. ಹೋಗುವಾಗ ಗೊಟ್ಟ ಒಯ್ಯಿರಿ.