ಹನ್ನೆರಡನೇ ಬಟ್ಟೆ

ಹೆಂಡತಿಯ ತಂಗಿಯನ್ನು ಆಸ್ಪತ್ರೆಗೆ ಸೇರಿಸಿದ್ದು ನಾನೇ. ಆಪರೇಷನ್ ಥಿಯೇಟರಿನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಅಟೆಂಡರ್. ಅವಳು ನೆಲ ಒರೆಸಲು ಬಂದಳು. ಕೆಲಸ ಮಾಡುತ್ತಲೇ ಓದಿ ನರ್ಸ್ ಆದಳು. ಡಾಕ್ಟರಮ್ಮ ಅವಳನ್ನು ‘ಲೆಕ್ಕದಮ್ಮ’ ಎಂದು ಕರೆಯುತ್ತಾರೆ. ನನ್ನನ್ನು ‘ಇಲ್ನೋಡಪ್ಪ’ ಎನ್ನುತ್ತಾರೆ.

ಮನೆಯಲ್ಲಿ ಗೊಣಗಿದರೆ ಹೆಂಡತಿ ನಗುತ್ತಿದ್ದಳು. "ನಿಮ್ಮ ಹೊಟ್ಟೆಕಿಚ್ಚಿನ ಮೇಲೆ ಸ್ನಾನದ ನೀರು ಇಡ್ತೀನಿ. ಗ್ಯಾಸ್ ಉಳೀಲಿ."

ಒಂದು ದಿನ ಎಂಟು ತಿಂಗಳ ಬಸುರಿಯೊಬ್ಬಳನ್ನು ತಂದರು. ವಿಪರೀತ ಹೊಟ್ಟೆನೋವು. ಮಗುವಿನ ಎದೆಬಡಿತ ಇಳಿಯುತ್ತಿತ್ತು. ಹೊಟ್ಟೆ ತೆರೆದ ಡಾಕ್ಟರಮ್ಮ ಕೈ ತಡೆದರು.

"ಗರ್ಭಕೋಶ ತಿರುಚ್ಕೊಂಡಿದೆ. ಬೆನ್ನಿನ ಕಡೆ ಇರ್ಬೇಕಾದ ಭಾಗ ಮುಂದೆ ಬಂದಿದೆ. ಇಲ್ಲಿ ಕೊಯ್ಯೋ ಹಾಗಿಲ್ಲ."

ಹೊಟ್ಟೆಯೊಳಗೆ ಅದರ ಪಕ್ಕದಲ್ಲಿ ರಕ್ತ ಹೀರುವ ದಪ್ಪ ಬಟ್ಟೆಗಳನ್ನಿಟ್ಟು, ಗರ್ಭಕೋಶವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ನೇರ ಮಾಡಿದರು. ಆಮೇಲೆ ಕೊಯ್ದು ಮಗುವನ್ನು ತೆಗೆದರು. ಅತ್ತಿತು. ಗರ್ಭಕೋಶಕ್ಕೆ ಹೊಲಿಗೆ ಹಾಕಿದರು. ಇನ್ನು ಹೊಟ್ಟೆ ಮುಚ್ಚಬೇಕು.

ಮುಚ್ಚುವ ಮೊದಲು ಲೆಕ್ಕ. ಒಳಗೆ ಕೊಟ್ಟ ಬಟ್ಟೆಗಳನ್ನು ನಾದಿನಿ ಬೋರ್ಡಿನಲ್ಲಿ ಬರೆಯಬೇಕು. ಹೊರಗೆ ಬಂದದ್ದನ್ನು ನಾನು ಎಣಿಸಬೇಕು.

"ಕೊಟ್ಟಿದ್ದು ಹನ್ನೆರಡು. ನಿಮ್ಮ ಹತ್ರ ಎಷ್ಟು, ಭಾವ?"

"ಹನ್ನೊಂದು. ನೀನು ಕೊಟ್ಟಿದ್ದೂ ಹನ್ನೊಂದೇ. ಒಂದು ಜಾಸ್ತಿ ಬರ್ದಿದ್ದೀಯ. ನಾನು ನೋಡ್ತಾನೇ ಇದ್ದೆ."

ನಾನು ನೋಡಿರಲಿಲ್ಲ. ಎಲ್ಲರೆದುರು ಅವಳ ಲೆಕ್ಕ ಒಮ್ಮೆ ತಪ್ಪಲಿ ಎಂದಷ್ಟೇ ಇತ್ತು ಮನಸ್ಸಿನಲ್ಲಿ. ಡಾಕ್ಟರಮ್ಮ ಸೂಜಿ ಹಿಡಿದು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು.

"ಮುಚ್ಚಬೇಡಿ ಮೇಡಂ," ಎಂದಳು. "ತಿರುಗಿಸೋ ಮೊದಲು ಪಕ್ಕದಲ್ಲಿ ಇಟ್ರಲ್ಲ, ಆ ಬಟ್ಟೆಗಳಲ್ಲೊಂದು ಗರ್ಭಕೋಶದ ಜೊತೆಗೇ ತಿರುಗಿ ಹಿಂದೆ ಹೋಗಿರ್ಬೇಕು."

ಡಾಕ್ಟರಮ್ಮ ಗರ್ಭಕೋಶದ ಹಿಂದೆ ಕೈ ಹಾಕಿದರು. ಒದ್ದೆ ಬಟ್ಟೆಯನ್ನು ಎಳೆದು ನನ್ನ ಬಕೆಟ್ಟಿಗೆ ಹಾಕಿದರು.

ಕೈ ತೊಳೆಯುವಾಗ ಅವಳು ಕೇಳಿದಳು. "ನಿಜವಾಗ್ಲೂ ನೋಡ್ತಾ ಇದ್ರಾ, ಭಾವ?"

"ಇಲ್ಲ."

ನಲ್ಲಿ ನಿಲ್ಲಿಸಿದಳು. "ಅಕ್ಕನಿಗೆ ಹೇಳಲ್ಲ ಬಿಡಿ. ಆದ್ರೆ ಇನ್ಮೇಲೆ ಇಬ್ರೂ ಬಾಯಿಬಿಟ್ಟು ಒಟ್ಟಿಗೆ ಎಣಿಸೋಣ."

ಅವಳು ಹೇಳಲೇ ಇಲ್ಲ. ವಾರ ಕಾದೆ. ಇಷ್ಟು ದೊಡ್ಡ ಮನಸ್ಸು ಇವಳಿಗೆ ಎಲ್ಲಿಂದ ಬಂತು ಎಂದು ಅದಕ್ಕೂ ಹೊಟ್ಟೆ ಉರಿಯಿತು. ಆ ತಾಯಿ ಮಗುವನ್ನೆತ್ತಿಕೊಂಡು ಮನೆಗೆ ಹೋದ ದಿನ ನಾನೇ ಹೆಂಡತಿಗೆ ಎಲ್ಲ ಹೇಳಿದೆ.

ಅವಳು ಸ್ನಾನದ ನೀರಿನ ಮಾತು ಎತ್ತಲಿಲ್ಲ.