ಗಡ್ಡೆಯ ಬಂಡೆಯ ಮೇಲೆ ಸಿಕ್ಕ ಹಳೆಯ ದಂಡೆ

ನಮ್ಮ ಗಂಗಾವತಿ ಕಡೆಯವರಿಗೆ ಸಮುದ್ರವೆಂದರೆ ಉಪ್ಪು ಬರುವ ದಿಕ್ಕು, ಅಷ್ಟೇ. ಅಂಥ ಊರಿನ ಕಿರಾಣಿ ಅಂಗಡಿಯವರ ಮಗನಾದ ನನ್ನ ಗಂಡ ಮುಂಬಯಿಗೆ ಹೋಗಿ ಭೂಗರ್ಭಶಾಸ್ತ್ರ ಓದಿ, ಸಮುದ್ರದ ಹಳೆಯ ದಂಡೆ ಹುಡುಕುವ ಹುಚ್ಚು ಹಚ್ಚಿಕೊಂಡು ಬಂದರು. ಯುದ್ಧದ ಕಾಲ ಅದು. ಊರೆಲ್ಲ ಸೀಮೆಎಣ್ಣೆ ಹುಡುಕುತ್ತಿದ್ದರೆ ಇವರು ಸಮುದ್ರ ಹುಡುಕುತ್ತಿದ್ದರು.

ನಾನು ಆ ಮನೆಗೆ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ಊಟದ ಹೊತ್ತಿಗೆ ನಿತ್ಯ ಇವರ ಪಾಠ.

"ನೀರು ಯಾವತ್ತೂ ಮಟ್ಟಸ ನಿಲ್ಲತೈತಿ ಅಪ್ಪಾ. ಹಳೇ ದಂಡಿ ಈಗಿನ ನೀರಿಗಿಂತ ಭಾಳ ಮ್ಯಾಲ ಐತಿ ಅಂದ್ರ ನೆಲ ಎದ್ದಿರಬೇಕು, ಇಲ್ಲಾ ನೀರು ಇಳದಿರಬೇಕು. ಅದ ದಂಡಿ ನಡುವ ಕಡದು, ಆ ಕಡೆ ಮ್ಯಾಲ ಈ ಕಡೆ ಕೆಳಗ ಆಗಿದ್ರ, ಅಲ್ಲಿ ನೆಲಾನ ಸೀಳಿ ಸರದೈತಿ."

ಮಾವನವರು ಮಜ್ಜಿಗೆ ಸುರಿದುಕೊಳ್ಳುತ್ತ, "ಹಂಗಾದ್ರ ನಮ್ಮ ಅಂಗಡಿ ಕಟ್ಟಿ ಯಾಕ ಬರೇ ಇಳಿಯಾಕತ್ತೈತಿ?" ಎಂದು ಕೇಳುತ್ತಿದ್ದರು.

ಇವರಿಗೆ ಕಲಿಸಿದ ಪ್ರೊಫೆಸರು ಕೊಂಕಣದ ಕರಾವಳಿಯಲ್ಲಿ ಇಂಥ ದಂಡೆಗಳನ್ನು ಅಳೆಯಲು ಒಬ್ಬ ಸಹಾಯಕನನ್ನು ಹುಡುಕುತ್ತಿದ್ದರು. ಸ್ವಂತವಾಗಿ ಏನಾದರೂ ಕಂಡುಹಿಡಿದು ಬರೆದವನಿಗೆ ಕೆಲಸ. ಇವರಿಗೆ ಅದೊಂದೇ ಆಸೆ. ತಪ್ಪಿದರೆ ಅಂಗಡಿಯಲ್ಲಿ ಕೂತು ಬೆಲ್ಲ ತೂಗಬೇಕಿತ್ತು.

ಒಮ್ಮೆ ತುಂಗಭದ್ರೆಯ ನಡುಗಡ್ಡೆ, ನನ್ನ ತವರಾದ ವಿರೂಪಾಪುರಗಡ್ಡೆಗೆ ಹೋಗಿ ಒಂದು ದಿನ ಉಳಿದು ಬಂದರು. ಮುಖ ಅರಳಿತ್ತು, ಟವೆಲಿನ ತುಂಬ ಚಿಪ್ಪು. ಹೊಳೆಗಿಂತ ಎಷ್ಟೋ ಎತ್ತರದ ಎರಡು ಬಂಡೆಗಳ ಮೇಲೆ ಸಿಕ್ಕವಂತೆ, ಒಂದು ಬಂಡೆ ಎತ್ತರದಲ್ಲಿ, ಇನ್ನೊಂದು ಅದರ ಕೆಳಗೆ. ತುಂಗಭದ್ರೆಯ ಹಳೆಯ ದಂಡೆ ಅದು, ನಡುವೆ ನೆಲ ಸೀಳಿದೆ ಎಂದು ಕೈಕಾಲು ತೊಳೆಯುವ ಮೊದಲೇ ನಾಲ್ಕು ಹಾಳೆ ಬರೆದರು. ಸಂಜೆಯ ಟಪಾಲಿಗೆ ಹಾಕಬೇಕೆಂಬ ಅವಸರ.

ಕಸ ಚೆಲ್ಲಿ ಬಾ ಎಂದು ಅತ್ತೆ ಆ ಚಿಪ್ಪುಗಳನ್ನು ನನ್ನ ಕೈಗೆ ಕೊಟ್ಟರು. ನೋಡಿದೆ. ಎಲ್ಲ ಒಂದೇ ಅಳತೆ, ಒಂದೆರಡಕ್ಕೆ ಇದ್ದಿಲು ಅಂಟಿತ್ತು. ಬೇಸಿಗೆಯಲ್ಲಿ ಚಿಪ್ಪು ಆರಿಸಿ ಸುಣ್ಣ ಸುಡುವ ಇಬ್ಬರು ಅಣ್ಣತಮ್ಮಂದಿರು ನಮ್ಮೂರಿಗೆ ಬಂದು ಆ ಬಂಡೆಗಳ ಮೇಲೆಯೇ ಚಿಪ್ಪು ಗುಡ್ಡೆ ಹಾಕುತ್ತಿದ್ದರು. ಜಗಳಾಡಿ ಬೇರೆಯಾದ ಮೇಲೆ ಅಣ್ಣ ಮೇಲಿನ ಬಂಡೆ ಹಿಡಿದ, ತಮ್ಮ ಕೆಳಗಿನದು. ನನ್ನ ಗಂಡ ಕಂಡುಹಿಡಿದ ಸೀಳು ಆ ಮನೆತನದ್ದು. ನನ್ನ ಅಪ್ಪನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ. ಆದರೆ ಓದಿದವರು ಕೇಳುತ್ತಾರೆಯೇ? ಹೋಳಿಗೆ ಉಂಡು ಬಂದಿದ್ದರು.

ಹಿರಿಯರ ಮುಂದೆ ಗಂಡನೊಂದಿಗೆ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಊಟವಾದ ಮೇಲೆ ಎಲೆಅಡಿಕೆಯ ತಟ್ಟೆಯಲ್ಲಿ ಸುಣ್ಣದ ಜಾಗಕ್ಕೆ ಇದ್ದಿಲು ಹತ್ತಿದ ಚಿಪ್ಪೊಂದನ್ನು ಇಟ್ಟೆ.

"ಇದ್ಯಾಕ ಇಲ್ಲಿ ಬಂತು?" ಎಂದರು ಇವರು.

ನಾನು ಅತ್ತೆಯತ್ತ ತಿರುಗಿ, "ಅತ್ತಿ, ಅದು ಸುಣ್ಣ ಸುಡವ್ರ ಗುಡ್ಡಿ ಅಂತ ಹೇಳ್ರಿ" ಎಂದೆ. ಎರಡು ಮಾರು ದೂರದಲ್ಲಿದ್ದ ಮಗನಿಗೆ ಅತ್ತೆ ಅದನ್ನು ಹಾಗೇ ಮುಟ್ಟಿಸಿದರು.

"ಆಕಿಗೇನು ತಿಳಿತೈತಿ ಅಂತ ಕೇಳವ್ವಾ."

"ಹೊಳಿ ತಂದ ಚಿಪ್ಪಿನಾಗ ಸಣ್ಣೂ ದೊಡ್ಡೂ ಕೂಡಿರತಾವ, ಜೋಡಿ ಮುಚ್ಚಿದ್ದೂ ಇರತಾವ. ಇವು ಆರಿಸಿದ್ದು. ಗುಡ್ಡಿ ಬುಡದಾಗ ಬೂದಿ ಐತೇನು ನೋಡಿ ಬರ್ರಿ ಅಂತ ಹೇಳ್ರಿ ಅತ್ತಿ."

ಅತ್ತೆ ಅದನ್ನು ಮುಟ್ಟಿಸುವ ಮೊದಲೇ ಇವರು ಎಲೆ ಹಾಕದೆ ಸೈಕಲ್ ಹತ್ತಿ ಗಡ್ಡೆಯ ಕಡೆ ಹೋದರು. ಇವರ ಬಾಯಿಗೆ ಬಂದ ತುತ್ತನ್ನು ನಾನೇ ಕಸಿದುಕೊಂಡೆನಲ್ಲ ಎಂದು ಸಂಜೆಯವರೆಗೂ ಬೈದುಕೊಂಡೆ.

ಹೊತ್ತು ಇಳಿದಾಗ ಬಂದರು. ಉಗುರುಗಳಲ್ಲಿ ಬೂದಿ ಮೆತ್ತಿತ್ತು.

"ಕಾಗದ ಕೊಡು, ಟಪಾಲಿಗೆ ಹೊತ್ತಾತು" ಎಂದರು ಮಾವ.

"ಕಳಸೂದಿಲ್ಲ ಅಪ್ಪಾ. ನಾ ನೋಡಲಾರದ್ದನ್ನ ನಿಮ್ಮ ಸೊಸಿ ನೋಡ್ಯಾಳ."

ಕೆಲಸ ಬೇರೆ ಯಾರಿಗೋ ಹೋಯಿತು. ಆ ವರ್ಷವೆಲ್ಲ ಇವರು ಬೆಲ್ಲ ತೂಗಿದರು, ಅದೂ ಹೆಚ್ಚುಕಡಿಮೆ ತೂಗಿದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವೇ. ಆದರೆ ಆ ಸಂಜೆ ಹಿರಿಯರಿಬ್ಬರ ಎದುರಿಗೇ ಅವರು ನನ್ನ ಕಡೆ ತಿರುಗಿ, "ಮತ್ತ ಏನೇನು ನೋಡಿದಿ ಹೇಳು" ಎಂದು ಕೇಳಿದರು. ಮಾವ ಹೊರಗೆ ಎದ್ದು ಹೋದರು. ನಾನು ಅತ್ತೆಯತ್ತ ನೋಡದೆ, ನೇರ ಅವರಿಗೇ ಹೇಳಿದೆ.