ಸ್ಪ್ರಿಂಗ್ ವ್ಯಾಲಿಯಲ್ಲಿ ಒಂದು ಯೆಹೂದ್ಯ ಉಪವಾಸ

ನೈರೋಬಿಗೆ ಬಂದ ಎರಡನೆಯ ತಿಂಗಳಲ್ಲೇ ನಾನು ಎಂಬತ್ತು ದಾಟಿದ ಒಬ್ಬರನ್ನು ಇಡೀ ರಾತ್ರಿ ಕತ್ತಲಲ್ಲಿ ಕೂರಿಸಿದೆ. ಅವರ ಮನೆಯ ಕರೆಂಟು ಸರಿಯಾಗಿಯೇ ಇತ್ತು. ಶುಕ್ರವಾರ ಹೊತ್ತು ಮುಳುಗಿದ ಮೇಲೆ, ಹೊರಡುವ ಮುಂಚೆ, ಹಜಾರದ್ದು, ಕಾರಿಡಾರಿನದ್ದು, ಬಚ್ಚಲಿನದ್ದು ಎಂದು ಎಲ್ಲ ದೀಪ ಆರಿಸಿದೆ. ಮಿಷನ್ ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮಾಡಿದ ಕೆಲಸ. ಕೈ ತಾನಾಗಿಯೇ ಸ್ವಿಚ್ಚಿಗೆ ಹೋಗುತ್ತದೆ. ಅವರು ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.

“ಬಹಳ ಕತ್ತಲಾಯಿತಲ್ಲ, ಸಿಸ್ಟರ್,” ಅಂದರು.

“ಹೌದು, ನಿದ್ದೆಗೆ ಒಳ್ಳೇದು,” ಅಂದು ಬಾಗಿಲೆಳೆದುಕೊಂಡು ಬಂದೆ.

ಮರುದಿನ ಅಡುಗೆಯ ವಂಬುಯಿ ನನ್ನನ್ನು ಗೇಟಿನಲ್ಲೇ ಹಿಡಿದಳು. “ಸಿಸ್ಟರ್, ಮ್ಜೇಯನ್ನು ಜೈಲಿಗೆ ಹಾಕಿ ಹೋದಿರಲ್ಲ! ಪಾಪ, ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗಿದ್ದಾರೆ.” ಮ್ಜೇ ಎಂದರೆ ಇಲ್ಲಿ ಹಿರಿಯರನ್ನು ಕರೆಯುವ ಮಾತು, ನಮ್ಮ ಅಜ್ಜ, ಯಜಮಾನ ಎರಡೂ ಸೇರಿದ ಹಾಗೆ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವ ತನಕ ಯೆಹೂದ್ಯರು ಬೆಂಕಿ ಮುಟ್ಟುವುದಿಲ್ಲ, ಸ್ವಿಚ್ಚು ಒತ್ತುವುದಿಲ್ಲ, ಒತ್ತು ಎಂದು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳುವುದೂ ಇಲ್ಲ. ಸೂಚನೆ ಕೊಡಬಹುದು ಅಷ್ಟೆ. ಅವರು ಕೊಟ್ಟಿದ್ದರು. ನಾನು ಬದುಕಿಡೀ ಚಾರ್ಟಿನಲ್ಲಿ ಬರೆದ ಆರ್ಡರು ಪಾಲಿಸಿದವಳು. ಸೂಚನೆ ನನಗೆ ಎಲ್ಲಿಂದ ತಿಳಿಯಬೇಕು?

ಓದುಗರಿಗೆ ನನ್ನ ಪರಿಚಯ ಇರಲಿಕ್ಕಿಲ್ಲ. ಉಡುಪಿ ಜಿಲ್ಲೆಯ ಶಿರ್ವದವಳು, ಮನೆಮಾತು ಕೊಂಕಣಿ, ಕಲಿತದ್ದು ಕನ್ನಡ ಶಾಲೆಯಲ್ಲಿ. ನರ್ಸ್ ಆಗಿ ಘಟ್ಟದ ಮೇಲೆ ದುಡಿದು ನಿವೃತ್ತಳಾದೆ. ಗಂಡ ತೀರಿಕೊಂಡ ಮೇಲೆ ಮಗಳು ಲವೀನಾ ಕರೆದಳು, ಬಂದೆ. ಅವಳು ಹರ್ಲಿಂಗ್‌ಹ್ಯಾಮ್‌ನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಅಳಿಯನಿಗೆ ಔಷಧ ಕಾರ್ಖಾನೆಯಲ್ಲಿ ಕೆಲಸ. ಮೊಮ್ಮಗನಿಗೆ ಕೊಂಕಣಿಯೂ ತಿಳಿಯುತ್ತದೆ, ಕನ್ನಡವೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಈ ವಯಸ್ಸಿನಲ್ಲಿ ಹೊಸ ಊರು ಕಲಿಯುವುದು ಆಯಾಸದ ಕೆಲಸ. ಶಿರ್ವದಲ್ಲಿ ಪಕ್ಕದ ಮನೆಯವರು ಕೆಮ್ಮಿದರೆ ಯಾವ ಔಷಧಿ ಎಂದು ನಮಗೆ ಗೊತ್ತು. ಇಲ್ಲಿ, ನೈರೋಬಿಯ ಸ್ಪ್ರಿಂಗ್ ವ್ಯಾಲಿಯಲ್ಲಿ, ಎತ್ತರದ ಗೋಡೆ, ಗೋಡೆಯ ಮೇಲೆ ಕರೆಂಟಿನ ತಂತಿ, ಗೇಟಿನಲ್ಲಿ ಅಸ್ಕರಿ, ಎಂದರೆ ಕಾವಲಿನವ. ಮೇಲಿನ ಮಹಡಿಯಲ್ಲಿ ಯಾರಿದ್ದಾರೆ ಎಂದು ಮೂರು ತಿಂಗಳಾದರೂ ಗೊತ್ತಾಗಲಿಲ್ಲ. ಕುಚ್ಚಲಕ್ಕಿ ಸಿಕ್ಕುವುದು ಕಷ್ಟ. ಮೀನು ಸಿಕ್ಕುತ್ತದೆ, ಆದರೆ ಸರೋವರದ ಮೀನು, ಕಡಲಿನ ವಾಸನೆಯೇ ಇಲ್ಲ. ಆಫ್ರಿಕಾ ಎಂದರೆ ಸುಡುವ ಬಿಸಿಲು ಅಂದುಕೊಂಡು ಹತ್ತಿ ಸೀರೆ ತಂದೆ. ಜುಲೈಯಲ್ಲಿ ಎರಡು ಸ್ವೆಟರ್ ಹಾಕಿ ಮಲಗಿದೆ. ಒಂದು ದಿನ ಒಬ್ಬಳೇ ಮಟಾಟು ಹತ್ತಿ (ಅದು ಇಲ್ಲಿನ ಖಾಸಗಿ ವ್ಯಾನು, ಒಳಗೆ ಹಾಡಿನ ಅಬ್ಬರ) ಪೇಟೆಗೆ ಹೋಗಿ ತೆಂಗಿನಕಾಯಿ ತಂದೆ. ಆ ಗೆಲುವನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಕಾಯಿ ತುರಿದು ಇಟ್ಟೆ.

“ಅಮ್ಮ, ನೀನು ಮನೆಯಲ್ಲಿ ಕೂತ್ರೆ ನಮಗೆಲ್ಲ ಅಟೆಂಡೆನ್ಸ್ ಹಾಕ್ತೀಯಲ್ಲ ಮಾರಾಯ್ತಿ,” ಅಂದಳು ಲವೀನಾ. “ಮಸಿಬಟ್ಟೆಗೂ ಇಸ್ತ್ರಿ ಹಾಕಿದ್ದೀ. ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ನನ್ನ ಪೇಶೆಂಟ್ ಒಬ್ರು ಇದ್ದಾರೆ. ಶುಗರ್, ಹಾರ್ಟ್ ಎರಡೂ ಉಂಟು. ಹೋಗಿ ಅವರನ್ನು ನೋಡ್ಕೊ, ನಮ್ಮನ್ನು ಬಿಡು.”

ಹಾಗೆ ನಾನು ಮಿಸ್ಟರ್ ರೂಬೆನ್ ಅವರ ಮನೆ ಸೇರಿದ್ದು. ನಮ್ಮ ಇಗರ್ಜಿಯಲ್ಲಿ ಮೂವರು ರೂಬೆನ್‌ಗಳಿದ್ದಾರೆ, ಒಬ್ಬನದು ಬೇಕರಿ. ಇವರು ಆ ಹೆಸರಿನ ಮೂಲ ಜನ, ಯೆಹೂದ್ಯರು. ಹುಟ್ಟಿದ್ದು ನೈರೋಬಿಯಲ್ಲೇ. ಪೇಟೆಯ ನಡುವಿನ ಸಿಬಿಡಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದರು. ಹೆಂಡತಿ ಇಲ್ಲ, ಮಗಳು ಲಂಡನ್ನಿನಲ್ಲಿ. ಬೆಳಗ್ಗೆ ಪ್ರಾರ್ಥನೆ, ಮಧ್ಯಾಹ್ನ ದಪ್ಪ ಪುಸ್ತಕಗಳು. ಅವರಿಗೂ ನನ್ನ ಹಾಗೆ ಹೊತ್ತು ಹೊತ್ತಿಗೆ ಎಲ್ಲ ಆಗಬೇಕು. ಅದಕ್ಕೇ ನಮಗೆ ಹೊಂದಿತು.

ಆ ಪುಸ್ತಕಗಳಲ್ಲಿ ಇದ್ದದ್ದು ಕಬಾಲಾ. ಹಾಗೆಂದರೆ ಪಡೆದುಕೊಂಡದ್ದು, ಗುರುವಿನ ಬಾಯಿಯಿಂದ ಶಿಷ್ಯನ ಕಿವಿಗೆ ಬಂದದ್ದು ಎಂದು ಅವರೇ ಹೇಳಿದರು. ತೋರಾ ಎಂಬುದು ಅವರ ಮೂಲ ಶಾಸ್ತ್ರ. ನಮ್ಮ ಬೈಬಲಿನ ಮೊದಲ ಐದು ಭಾಗ ಅದೇ. ಕಬಾಲಾದವರು ಅದರ ಅಕ್ಷರ ಅಕ್ಷರದ ಹಿಂದೆ ಇನ್ನೊಂದು ಅರ್ಥ ಹುಡುಕುತ್ತಾರೆ. ಮನುಷ್ಯನ ಆತ್ಮ ಭೂಮಿಗೆ ಬರುವುದು ಯಾಕೆ ಎಂಬ ಪ್ರಶ್ನೆಗೆ ಬಾಲ್ಯದಲ್ಲಿ ನಾವು ಧರ್ಮೋಪದೇಶದ ತರಗತಿಯಲ್ಲಿ ಒಂದೇ ಉಸಿರಿಗೆ ಉತ್ತರ ಒಪ್ಪಿಸುತ್ತಿದ್ದೆವು. ರೂಬೆನ್ ಅವರ ಉತ್ತರ ಒಂದು ವಾರ ಹಿಡಿಯಿತು. ಲೋಕ ಹುಟ್ಟುವಾಗ ದೇವರು ತನ್ನ ಬೆಳಕನ್ನು ಪಾತ್ರೆಗಳಿಗೆ ಸುರಿದನಂತೆ. ತಾಳಲಾರದೆ ಪಾತ್ರೆಗಳು ಒಡೆದವು. ಬೆಳಕಿನ ಕಿಡಿಗಳು ಚೂರುಗಳ ಜೊತೆ ಎಲ್ಲೆಲ್ಲೋ ಬಿದ್ದವು, ಕಲ್ಲಿನಲ್ಲಿ, ಕಾಳಿನಲ್ಲಿ, ನೀರಿನಲ್ಲಿ. ಒಂದೊಂದು ಆತ್ಮವೂ ತನ್ನ ಪಾಲಿನ ಕಿಡಿಗಳನ್ನು ಹೆಕ್ಕಿ ಮೇಲೆತ್ತಲು ಇಳಿಯುತ್ತದೆ. ಹರಸಿ ಉಂಡ ತುತ್ತಿನಿಂದಲೂ ಒಂದು ಕಿಡಿ ಏಳುತ್ತದೆ. ಆ ದುರಸ್ತಿಗೆ ತಿಕ್ಕುನ್ ಎನ್ನುತ್ತಾರೆ.

“ನೀವು ಮಗಳಿಗಾಗಿ ಬಂದೆ ಅಂದುಕೊಂಡಿದ್ದೀರಿ,” ಅಂದರು ಒಮ್ಮೆ. “ಇರಲಿ. ಆದರೆ ಈ ಊರಿನ ಯಾವುದೋ ತುತ್ತಿನಲ್ಲಿ ನಿಮ್ಮದೊಂದು ಕಿಡಿ ಕಾಯುತ್ತಿದೆ. ಬೇರೆಯವರು ಅದನ್ನು ಎತ್ತಲಾರರು. ಅದು ನಿಮ್ಮನ್ನು ಎಳೆದು ತಂದಿತು.”

“ಅರವತ್ತೊಂಬತ್ತು ವರ್ಷ ಕಾದಿದ್ದರೆ ಆರಿ ತಣ್ಣಗಾಗಿರಬೇಕು.”

“ನಿಮ್ಮೂರಲ್ಲಿ ಎಲ್ಲರೂ ಹೀಗೇ ಮಾತಾಡ್ತಾರಾ?”

“ನಾನು ಸ್ವಲ್ಪ ಮೆತ್ತಗೆ.”

ಮಳೆಗೆ ಮುಂಚಿನ ಒಣ ದಿನಗಳಲ್ಲಿ ಅವರ ದೊಡ್ಡ ಉಪವಾಸ ಬಂತು. ಯೋಮ್ ಕಿಪ್ಪುರ್, ಪ್ರಾಯಶ್ಚಿತ್ತದ ದಿನ. ಒಂದು ಸಂಜೆಯಿಂದ ಮರುದಿನ ಕತ್ತಲಾಗುವ ತನಕ ಅನ್ನವಿಲ್ಲ, ನೀರೂ ಇಲ್ಲ. ನಮ್ಮ ಶುಭ ಶುಕ್ರವಾರದಲ್ಲಿ ಒಂದು ಹೊತ್ತು ಗಂಜಿಯಾದರೂ ಉಂಟು. ಇನ್ಸುಲಿನ್ ತೆಗೆದುಕೊಳ್ಳುವ, ಹೃದಯ ಸೋತ ಮನುಷ್ಯನಿಗೆ ಇದು ಆಗದ ಮಾತು. ಹಿಂದಿನ ವರ್ಷ ಹೀಗೇ ಹಟ ಹಿಡಿದು ಪ್ರಜ್ಞೆ ತಪ್ಪಿ ಬಿದ್ದಿದ್ದರು. ಈ ಸಲ ಬಿದ್ದರೆ ಏಳಲಿಕ್ಕಿಲ್ಲ ಎಂದು ಡಾಕ್ಟರು ನನ್ನೆದುರೇ ಹೇಳಿದರು. ಅವರ ಧರ್ಮಗುರು ರಬ್ಬಿ ನಾಲ್ಕು ದಿನ ಮುಂಚೆ ಫೋನು ಮಾಡಿ ಸ್ಪಷ್ಟವಾಗಿ ಹೇಳಿದರು: ನಿನಗೆ ಈ ವರ್ಷ ಉಣ್ಣುವುದೇ ಆಜ್ಞೆ, ಉಪವಾಸವೇ ಪಾಪ. ಅದಕ್ಕೂ ಒಂದು ಕ್ರಮವಿತ್ತು. ಒಂದು ಬಾಯಿಗಿಂತ ಕಡಿಮೆ ಕುಡಿಯಬೇಕು, ಕೆಲವು ನಿಮಿಷ ಬಿಡಬೇಕು, ಮತ್ತೆ ಅಷ್ಟೇ. ಹಾಗೆ ಮಾಡಿದರೆ ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ. ಡೋಸು, ಅಂತರ ಎರಡನ್ನೂ ಹೇಳುವ ಧರ್ಮಶಾಸ್ತ್ರವನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಬಹಳ ಹಿಡಿಸಿತು. ರೂಬೆನ್ ಮುಖ ಗಂಟು ಹಾಕಿಕೊಂಡರು.

ಆ ದಿನ ಅವರು ಬಿಳಿ ಬಟ್ಟೆ, ರಬ್ಬರ್ ಚಪ್ಪಲಿ (ಅಂದು ಚರ್ಮದ್ದು ಮೆಟ್ಟುವಂತಿಲ್ಲ) ತೊಟ್ಟು ಕಿಟಕಿಯ ಪಕ್ಕ ಕೂತರು. ಪ್ರಾರ್ಥನಾ ಮಂದಿರಕ್ಕೆ ಹೋಗುವ ಶಕ್ತಿ ಕಾಲಿನಲ್ಲಿರಲಿಲ್ಲ. ವಂಬುಯಿ ಹಿಂದಿನ ಮಧ್ಯಾಹ್ನವೇ ಉಜಿ ಮಾಡಿ ಫ್ಲಾಸ್ಕಿಗೆ ತುಂಬಿದ್ದಳು. ಉಜಿ ಎಂದರೆ ಅಂಬಲಿ. ಅದರ ಹಿಟ್ಟು ವಿಂಬಿ, ನಮ್ಮ ರಾಗಿಯೇ. ನಾನು ಔಷಧಿಯ ಪುಟ್ಟ ಬಟ್ಟಲಿಗೆ ಹೊಯ್ದು ಮುಂದೆ ಹಿಡಿದೆ.

“ಬಾಯಿ ತೆರೆಯಿರಿ.”

“ನಮ್ಮನ್ನು ಆಳಾಗಿ ದುಡಿಸಿದ ಈಜಿಪ್ಟಿನ ಫರೋಹನೂ ಇಷ್ಟು ಗಟ್ಟಿ ಇರಲಿಲ್ಲ.”

“ಅವನಿಗೆ ನಿಮ್ಮ ಶುಗರ್ ರಿಪೋರ್ಟ್ ಸಿಕ್ಕಿರಲಿಲ್ಲ.”

ನಕ್ಕರು, ತೆರೆಯಲಿಲ್ಲ. ಬೆಳಗ್ಗೆಯಿಡೀ ಹೀಗೇ ಆಯಿತು. ಬೆರಳು ಚುಚ್ಚಿ ನೋಡಿದಾಗಲೆಲ್ಲ ಸಕ್ಕರೆ ಇಳಿಯುತ್ತಲೇ ಇತ್ತು. ನಾನು ಗದರಿದೆ, ರಬ್ಬಿಯ ಮಾತು ನೆನಪಿಸಿದೆ. ಕೊನೆಗೆ ಅವರು ಪುಸ್ತಕ ತೊಡೆಯ ಮೇಲಿಟ್ಟು ಮೆಲ್ಲಗೆ ಹೇಳಿದರು: “ಹದಿಮೂರನೆಯ ವಯಸ್ಸಿನಿಂದ ಒಂದು ವರ್ಷವೂ ಬಿಟ್ಟಿಲ್ಲ, ಸಿಸ್ಟರ್. ಹೆಂಡತಿ ಸಾಯುತ್ತಿದ್ದ ವರ್ಷವೂ. ಈಗ ನಿಂತು ಪ್ರಾರ್ಥಿಸಲು ಕಾಲಿಲ್ಲ, ಹತ್ತು ಜನರ ನಡುವೆ ಕೂರಲು ಉಸಿರಿಲ್ಲ. ಮೇಲಿನವನಿಗೆ ಕೊಡಲು ನನ್ನಲ್ಲಿ ಉಳಿದದ್ದು ಈ ಹಸಿವೊಂದು. ಅದನ್ನೂ ನೀವೆಲ್ಲ ಸೇರಿ ಕಿತ್ತುಕೊಳ್ಳಬೇಕಾ?”

ಸಿಟ್ಟಿನಿಂದ ಊಟ ಬಿಟ್ಟ ರೋಗಿಗಳಿಗೆ ನಾನು ತಿನ್ನಿಸಿದ್ದೇನೆ. ಇದು ಸಿಟ್ಟಾಗಿರಲಿಲ್ಲ. ಕುರ್ಚಿ ಎಳೆದುಕೊಂಡು ಎದುರು ಕೂತೆ. ನನಗೂ ಆಗ ಬಹಳ ಸುಸ್ತಾಗಿತ್ತು.

ಮಧ್ಯಾಹ್ನದ ಮೇಲೆ ಓದಲು ಅವರಿಗೆ ಒಂದು ಕಥೆ ನಿಗದಿಯಾಗಿದೆ. ದೇವರು ಒಂದು ಊರಿಗೆ ಹೋಗು ಎಂದರೆ ಹಡಗು ಹತ್ತಿ ಬೇರೆ ದಿಕ್ಕಿಗೆ ಓಡಿ, ಮೀನಿನ ಹೊಟ್ಟೆ ಸೇರಿದ ಪ್ರವಾದಿಯ ಕಥೆ. ಅದು ನಮಗೂ ಗೊತ್ತಿರುವುದೇ. ಕಬಾಲಾದವರಿಗೆ ಆ ಪ್ರಯಾಣಿಕನೇ ಆತ್ಮ, ಹಡಗು ದೇಹ. ಬಂದ ಕೆಲಸ ಮರೆತು ಹಡಗಿನ ತಳದಲ್ಲಿ ಮಲಗಿ ನಿದ್ದೆಹೋಗುವುದೇ ನಮ್ಮ ಬದುಕು. ಇಷ್ಟು ಹೇಳಿ ಅವರು ಗಟ್ಟಿಯಾಗಿ ಓದತೊಡಗಿದರು. ಒಂದೇ ಸಾಲನ್ನು ಎರಡು ಸಲ, ಮೂರು ಸಲ ಓದಿದರು. ಹಣೆಯಲ್ಲಿ ಬೆವರು, ಬೆರಳುಗಳಲ್ಲಿ ನಡುಕ. ಇನ್ನು ತಡೆಯುವುದು ಬೇಡ, ಲವೀನಾಗೆ ಫೋನು ಮಾಡಿ ಕಾರು ತರಿಸಿ ಆಸ್ಪತ್ರೆಗೆ ಒಯ್ಯುವುದೇ ಸರಿ ಎಂದು ನಾನು ಎದ್ದೆ.

ಅಷ್ಟರಲ್ಲಿ ವಂಬುಯಿ ಬಾಗಿಲಲ್ಲಿ ನಿಂತಳು. “ಸಿಸ್ಟರ್, ಬೆಳಗ್ಗೆ ನಿಮಗೆ ಅಂತ ಇಟ್ಟ ಚಪಾತಿ ಹಾಗೇ ಇದೆ. ಮಧ್ಯಾಹ್ನದ ಅನ್ನವೂ ಹಾಗೇ ಇದೆ. ನಿಮಗೂ ಮ್ಜೇಯ ಹುಚ್ಚು ಹಿಡೀತಾ?”

ರೂಬೆನ್ ತಲೆ ಎತ್ತಿದರು. “ನೀವು ತಿಂದಿಲ್ಲವಾ?”

“ಇಲ್ಲ.”

“ಯಾಕೆ? ಈ ಆಜ್ಞೆ ನಿಮಗಲ್ಲ.”

“ನಮ್ಮ ವಾರ್ಡಿನ ನಿಯಮ. ಕೊನೆಯ ಪೇಶೆಂಟ್ ಉಂಡು ಮುಗಿಸುವ ತನಕ ಸಿಸ್ಟರ್ ಮೆಸ್ಸಿಗೆ ಹೋಗುವ ಹಾಗಿಲ್ಲ.”

“ಯಾರು ಮಾಡಿದ ನಿಯಮ?”

“ನಮ್ಮ ಮದರ್ ಸುಪೀರಿಯರ್. ಅವರು ತೀರಿಹೋಗಿ ಎಷ್ಟೋ ಕಾಲವಾಯಿತು.”

“ಮತ್ತೆ ಇಲ್ಲಿ ನಿಮ್ಮನ್ನು ಯಾರು ನೋಡ್ತಾರೆ?”

“ನಿಮ್ಮನ್ನು ಯಾರು ನೋಡ್ತಾರೆ?”

ಅವರು ಫ್ಲಾಸ್ಕಿನ ಕಡೆ ನೋಡಿದರು. ಆಮೇಲೆ ತಮ್ಮಷ್ಟಕ್ಕೆ ಏನೋ ಗೊಣಗಿ, ಕೈ ಚಾಚಿದರು. “ಕೊಡಿ. ನನ್ನ ಹಸಿವನ್ನು ನಾನು ಕೊಡಬಹುದು. ನಿಮ್ಮದನ್ನು ಕೊಡಲು ನನಗೆ ಹಕ್ಕಿಲ್ಲ.”

ಬಟ್ಟಲನ್ನು ನಾನೂ ಹಿಡಿದುಕೊಂಡೆ. ಹೀಬ್ರೂವಿನಲ್ಲಿ ಹರಸಿ ಗುಟುಕು ನುಂಗಿದರು. ಕಣ್ಣಲ್ಲಿ ನೀರು ಬಂತು.

“ಚೆನ್ನಾಗಿದೆ,” ಅಂದರು. “ಅದೇ ಕಷ್ಟ.”

ಗಡಿಯಾರ ನೋಡಿಕೊಂಡು ಎರಡನೆಯದು ಕೊಟ್ಟೆ. ಬೆವರು ಒಣಗಿತು. ಓದುವ ಸಾಲು ಮುಂದಕ್ಕೆ ಸರಿಯಿತು. ನಾಲ್ಕಾರು ಬಟ್ಟಲು ಕಳೆದ ಮೇಲೆ, “ಈಗ ನಾನು ಉಂಡೆ. ನೀವು ಹೋಗಿ ಉಣ್ಣಿ,” ಅಂದರು.

“ನಿಮ್ಮ ಊಟ ಎಲ್ಲಿ ಮುಗಿಯಿತು? ಕತ್ತಲಾಗುವ ತನಕ ಹೀಗೇ ನಡೆಯುತ್ತದಲ್ಲ.”

“ಅಯ್ಯೋ ದೇವರೇ! ಹಾಗಾದರೆ ಒಂದೇ ಸಲಕ್ಕೆ ಒಂದು ಲೋಟ ಕುಡಿದು ಮುಗಿಸ್ತೇನೆ.”

“ಅದಕ್ಕೆ ರಬ್ಬಿಯ ಒಪ್ಪಿಗೆ ಇಲ್ಲ.”

ಬಾಗಿಲಲ್ಲಿದ್ದ ವಂಬುಯಿ ಸೆರಗಿಲ್ಲದ್ದಕ್ಕೆ ಏಪ್ರನ್ನಿನಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ನಾವಿಬ್ಬರೂ ನಮ್ಮ ನಮ್ಮ ಶಿಸ್ತಿನಲ್ಲಿ ಸಿಕ್ಕಿಬಿದ್ದು ಸಂಜೆಯ ತನಕ ಎದುರುಬದುರು ಕೂತೆವು. ಅವರದು ಬಟ್ಟಲು, ಪ್ರಾರ್ಥನೆ, ಮತ್ತೆ ಬಟ್ಟಲು. ನನ್ನದು ಬರೀ ಗಡಿಯಾರ. ಕಡೆಕಡೆಗೆ ನನ್ನ ತಲೆ ಹಗುರಾಗಿ ಕಿಟಕಿಯಾಚೆಯ ಜಕರಂಡ ಮರದ ನೀಲಿ ಹೂ ಅಲುಗಾಡಿದ ಹಾಗೆ ಕಂಡಿತು. ಗಾಳಿ ಇರಲಿಲ್ಲ.

ಇಲ್ಲಿ ಮುಸ್ಸಂಜೆ ನಮ್ಮಲ್ಲಿಯ ಹಾಗೆ ತಂಗುವುದಿಲ್ಲ. ಸೂರ್ಯ ಬಿದ್ದ, ಕತ್ತಲು ಬಂತು. ನಕ್ಷತ್ರ ಕಂಡ ಮೇಲೆ ರೂಬೆನ್ ಕುರ್ಚಿಯ ಕೈ ಹಿಡಿದು ಎದ್ದು ನಿಂತು, ಕೊನೆಯ ಮಾತನ್ನು ಗಟ್ಟಿಯಾಗಿ ಹೇಳಿ ಪುಸ್ತಕ ಮುಚ್ಚಿದರು. ವಂಬುಯಿ ರೊಟ್ಟಿ, ಚಹಾ ತಂದಳು. ರೂಬೆನ್ ರೊಟ್ಟಿ ಹರಸಿ, ಮುರಿದು, ಒಂದು ಚೂರು ತಾವು ಬಾಯಿಗೆ ಹಾಕಿಕೊಂಡು ದೊಡ್ಡ ಚೂರನ್ನು ನನಗೆ ಕೊಟ್ಟರು.

“ಈ ವರ್ಷ ಈ ಮನೆಯಲ್ಲಿ ಉಪವಾಸ ಮಾಡಿದವರು ಕ್ರಿಸ್ತುವರು. ಯೆಹೂದ್ಯ ಕೂತು ಉಂಡ. ಮೇಲೆ ಹೇಗೆ ಬರೆದುಕೊಳ್ಳುತ್ತಾರೋ!” ನಾನು ಅಗಿಯುವುದನ್ನೇ ನೋಡುತ್ತ ಕೇಳಿದರು, “ಕಿಡಿ ಏನಾದರೂ ಸಿಕ್ಕಿತಾ?”

“ಉಪ್ಪು ಕಡಿಮೆ.”

ಆದರೆ ಅಷ್ಟು ರುಚಿಯಾದ ರೊಟ್ಟಿಯನ್ನು ನಾನು ಈ ಊರಿಗೆ ಬಂದ ಮೇಲೆ ತಿಂದಿರಲಿಲ್ಲ.

ಕೊನೆಯಲ್ಲಿ ಗಟ್ಟಿಯಾಗಿ ಹೇಳಿದ್ದು ಏನು ಎಂದು ಕೇಳಿದೆ. “ಮುಂದಿನ ವರ್ಷ ಯೆರೂಸಲೇಮಿನಲ್ಲಿ,” ಅಂದರು. “ಪ್ರತಿ ವರ್ಷವೂ ಹೇಳುತ್ತೇವೆ.”

“ನೀವು ಅಲ್ಲಿ ಇದ್ದದ್ದುಂಟಾ?”

“ಎರಡು ಸಲ ಹೋಗಿದ್ದೆ. ಎರಡು ಸಲವೂ ಬೇಗ ಬಂದೆ. ನಿದ್ದೆ ಬರಲಿಲ್ಲ. ಇಲ್ಲಿನ ಹಕ್ಕಿಗಳ ಗಲಾಟೆ ಇಲ್ಲದೆ ನನಗೆ ಬೆಳಗಾಗುವುದಿಲ್ಲ.”

“ಮತ್ತೆ ಯಾಕೆ ಹೇಳುವುದು?”

“ಹೇಳದೆ ಇದ್ದರೆ ಇಲ್ಲಿಯೂ ಇರಲಾರೆ,” ಅಂದು ಚಹಾಕ್ಕೆ ಸಕ್ಕರೆ ಹಾಕಲು ಹೋದರು. ಡಬ್ಬಿಯನ್ನು ಈಚೆಗೆ ಎಳೆದುಕೊಂಡೆ. “ನೀವು ಏನು ಹೇಳ್ತೀರಿ, ಸಿಸ್ಟರ್? ಮುಂದಿನ ವರ್ಷ ಎಲ್ಲಿ?”

“ಶಿರ್ವದಲ್ಲಿ,” ಅಂದೆ. ಯೋಚಿಸದೆ ಬಂದ ಮಾತು. ಈ ಊರಿಗೆ ಬಂದ ಮೇಲೆ ಅದನ್ನು ಯಾರೆದುರೂ ಹೇಳಿರಲಿಲ್ಲ, ಮಗಳೆದುರೂ ಇಲ್ಲ. ಅವರು ಅದಕ್ಕೆ ಆಶ್ಚರ್ಯಪಡಲಿಲ್ಲ, ಬೇಸರಿಸಲೂ ಇಲ್ಲ. ಪ್ರಾರ್ಥನೆಗೆ ಹೇಳುವ ಹಾಗೆ, “ಆಮೆನ್,” ಅಂದರು.

ಗೇಟಿನಲ್ಲಿ ಲವೀನಾಳ ಕಾರಿನ ಹಾರ್ನ್ ಕೇಳಿತು. ನಾನು ಚಪ್ಪಲಿ ಮೆಟ್ಟುತ್ತ ವಂಬುಯಿಗೆ ಹೇಳಿದೆ, ಬೆಳಗ್ಗೆ ನಾನು ಬಂದು ಸಕ್ಕರೆ ನೋಡುವ ತನಕ ಮ್ಜೇಗೆ ಬ್ರೆಡ್ಡು, ಜಾಮು ಏನೂ ಕೊಡಬಾರದು, ಅತ್ತರೂ ಕೊಡಬಾರದು. “ಸವಾ, ಸಿಸ್ಟರ್, ಸವಾ,” ಅಂದಳು. ಆಗಲಿ ಎಂದು ಅರ್ಥ.

ಕಾರಿನಲ್ಲಿ ಕೂತು ಸೀಟಿಗೆ ತಲೆ ಆನಿಸಿದೆ. ಶಿರ್ವ ಎಂದು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಆದರೂ ಮನಸ್ಸು ಆಗಲೇ ನಾಳೆಯ ಇನ್ಸುಲಿನ್ನಿನ ಲೆಕ್ಕ ಹಾಕುತ್ತಿತ್ತು.

“ಎಂತ ಅಮ್ಮ, ತುಂಬ ಸುಸ್ತಾ?”

“ಸುಸ್ತು.”

“ನಾಳೆ ಒಂದು ದಿನ ಹೋಗ್ಬೇಡ ಮತ್ತೆ. ಮಲಗು.”

“ಬೆಳಗ್ಗೆ ಬೇಗ ಎಬ್ಬಿಸು,” ಅಂದೆ.